ಬೊಗ್ಗುವಿನ ಬಟ್ಟಲು: ಹಸಿ ಮಾಂಸದ ಊಟಕ್ಕೆ ತರಕಾರಿ, ಹಣ್ಣು ಸೇರುತ್ತಾ ಹೋದಾಗ ಆದದ್ದೇನು? (ಪ್ರಕರಣ ಅಧ್ಯಯನ)

ಮಲ್ಪೆ ಕಡೆಯ ಒಂದು ಮನೆ. ಗಂಡ, ಹೆಂಡತಿ, ನಡೆಯಲು ಕಲಿಯುತ್ತಿರುವ ಮಗು, ಅಜ್ಜಿ. ನಾಯಿ ಐದು ವರ್ಷದ ಗಂಡು ಲ್ಯಾಬ್ರಡಾರ್, ಸಂತಾನಹರಣ ಶಸ್ತ್ರಚಿಕಿತ್ಸೆ ಆಗಿದೆ. ಇಲ್ಲಿಗೆ ಬೊಗ್ಗು ಎಂದಿಟ್ಟುಕೊಳ್ಳೋಣ. ತೂಕ 30 ಕೆಜಿ. ಪಕ್ಕೆಯ ಮೇಲೆ ಕೈ ಇಟ್ಟು ಒತ್ತಿದರೆ ಮಾತ್ರ ಎಲುಬು ಸಿಗುತ್ತದೆ, ಮೇಲಿನಿಂದ ನೋಡಿದರೆ ಸೊಂಟ ಕಾಣುವುದಿಲ್ಲ. ಇವನ ಮೈಕಟ್ಟಿಗೆ ಇರಬೇಕಾದದ್ದು ಸುಮಾರು 27 ಕೆಜಿ.

ಎಂಟು ತಿಂಗಳಿಂದ ಹಸಿ ಮಾಂಸದ ಊಟ. ಮನೆಯವರ ದೂರು ಮೂರು. ಒಂದು, ಮಲ ಒಂದು ದಿನ ಬಿಳಿಯಾಗಿ ಗಟ್ಟಿ, ಕಡ್ಡಿಯಲ್ಲಿ ಒತ್ತಿದರೆ ಸುಣ್ಣದ ಹುಡಿ. ಮರುದಿನ ನಾಲ್ಕೈದು ಸಲ ತೆಳ್ಳಗೆ, ಅದರೊಳಗೆ ಕ್ಯಾರೆಟ್ ತುಂಡು ಕತ್ತರಿಸಿದ ಹಾಗೆಯೇ. ಎರಡು, ಕೂದಲಿಗೆ ಹೊಳಪಿಲ್ಲ, ಮೊಣಕೈ ಹತ್ತಿರ ಹೊಟ್ಟು ಏಳುತ್ತದೆ. ಮೂರು, "ಒಂದು ತುತ್ತು ಅನ್ನ ಹಾಕುದಿಲ್ಲ, ಆದ್ರೂ ದಪ್ಪ ಆಗ್ತಾ ಇದ್ದಾನೆ."

ಪಶುವೈದ್ಯರು ಮೊದಲು ಕಾಯಿಲೆ ಹುಡುಕಿದರು, ಅದು ಸರಿಯಾದ ಕ್ರಮವೇ. ಮಲಪರೀಕ್ಷೆಯಲ್ಲಿ ಹುಳುವಿಲ್ಲ, ಜಿಯಾರ್ಡಿಯಾ (ಕರುಳಿನ ಸೂಕ್ಷ್ಮ ಪರೋಪಜೀವಿ) ಇಲ್ಲ. ಕರಾವಳಿಯ ಉಣ್ಣಿ ಕಾಟ ಗೊತ್ತಿದ್ದದ್ದೇ, ಹಾಗಾಗಿ ಉಣ್ಣಿಜ್ವರಕ್ಕೂ ರಕ್ತ ನೋಡಿದರು, ಅದೂ ಇಲ್ಲ. ರಕ್ತದ ಕೆಂಪುಕಣಗಳ ಪ್ರಮಾಣ 41 ಶೇಕಡಾ. ನಾಯಿಗೆ 37ರಿಂದ 55 ಸಹಜ. ಲಿವರ್, ಕಿಡ್ನಿ ಸರಿ ಇವೆ. ಉಳಿದದ್ದು ಬಟ್ಟಲು.

ಬಟ್ಟಲನ್ನು ತೂಗಿದಾಗ

ಏನೇನು ಹಾಕುತ್ತೀರಿ ಎಂದು ಕೇಳಿದರೆ ಯಾವ ಮನೆಯಲ್ಲೂ ನಿಜವಾದ ಲೆಕ್ಕ ಸಿಗುವುದಿಲ್ಲ. ಸುಳ್ಳು ಹೇಳುತ್ತಾರೆಂದಲ್ಲ, "ಸ್ವಲ್ಪ", "ಒಂದು ಮುಷ್ಟಿ", "ಒಂದು ಚೂರು" ಇವಕ್ಕೆ ತೂಕವಿಲ್ಲ. ಆದ್ದರಿಂದ ಐದು ದಿನ ಬಟ್ಟಲಿಗೆ ಬೀಳುವ ಪ್ರತಿಯೊಂದನ್ನೂ ಅಡುಗೆಮನೆಯ ಡಿಜಿಟಲ್ ತಕ್ಕಡಿಯಲ್ಲಿ ಇಟ್ಟು ಬರೆಯಲು ಹೇಳಲಾಯಿತು. ಸರಾಸರಿ ಹೀಗೆ ಬಂತು.

ಕೋಳಿಯ ಬೆನ್ನು, ಕುತ್ತಿಗೆ ಸೇರಿ 450 ಗ್ರಾಂ. ಕೋಳಿ ಲಿವರ್ 90. ಹಸಿ ಬೂತಾಯಿ (ಸಾರ್ಡೀನ್ ಮೀನು) 100. ಇದು ಮೂಲ ಊಟ, 640 ಗ್ರಾಂ. ಅದರ ಮೇಲೆ ಹಸಿಯಾಗಿ ಹೆಚ್ಚಿದ ತರಕಾರಿ 200 ಗ್ರಾಂ (ಕ್ಯಾರೆಟ್, ಸೌತೆ, ದಂಟಿನ ಸಮೇತ ಬಸಳೆ, ಕೆಲವು ದಿನ ಮಟ್ಟುಗುಳ್ಳ ಎಂಬ ಬದನೆ), ಬಾಳೆಹಣ್ಣು 100, ಪಪ್ಪಾಯಿ 80, ಮೊಸರು 100, ತೆಂಗಿನ ತುರಿ 40, ತೆಂಗಿನೆಣ್ಣೆ ಒಂದು ದೊಡ್ಡ ಚಮಚ, ಇಡೀ ಅಗಸೆಬೀಜ 10 ಗ್ರಾಂ. ಮೊಟ್ಟೆಚಿಪ್ಪಿನ ಹುಡಿ ಒಂದು ಟೀ ಚಮಚ, ಬೆಳ್ಳುಳ್ಳಿ ಮೂರು ಎಸಳು, ಅರಿಶಿನ ಒಂದು ಟೀ ಚಮಚ. ಒಟ್ಟು ಹತ್ತಿರ ಹತ್ತಿರ 1 ಕೆಜಿ 200 ಗ್ರಾಂ.

ಬೆಳೆದ ನಾಯಿಗೆ ಹಸಿ ಊಟ ಮೈತೂಕದ ಶೇ. 2ರಿಂದ 3ರಷ್ಟು ಎಂಬುದು ರೂಢಿಯ ಲೆಕ್ಕ. 30 ಕೆಜಿಗೆ ಇದು ಶೇ. 4 ಮುಟ್ಟಿದೆ. ಕ್ಯಾಲೊರಿಯಲ್ಲಿ ನೋಡಿದರೆ ಇನ್ನೂ ಸ್ಪಷ್ಟ. 27 ಕೆಜಿ ನಾಯಿಗೆ ವಿಶ್ರಾಂತಿಯಲ್ಲಿ ಬೇಕಾದದ್ದು (70 × ತೂಕದ 0.75 ಘಾತ) ಸುಮಾರು 830 ಕ್ಯಾಲೊರಿ; ಸಂತಾನಹರಣ ಆದ, ಸಾಮಾನ್ಯವಾಗಿ ಓಡಾಡುವ ನಾಯಿಗೆ ಅದರ 1.6 ಪಟ್ಟು, ಅಂದರೆ 1330ರ ಆಸುಪಾಸು. ಇಲ್ಲಿ ತುರಿ 140, ಎಣ್ಣೆ 120, ಬಾಳೆ 90, ಮೊಸರು 60, ಅಗಸೆ 50, ಪಪ್ಪಾಯಿ 35. ಮಾಂಸವನ್ನು ಲೆಕ್ಕಕ್ಕೇ ಹಿಡಿಯದೆ, ಮೇಲುಸೇರ್ಪಡೆಯಿಂದಲೇ ದಿನಕ್ಕೆ 500 ಕ್ಯಾಲೊರಿ. ಸಮತೋಲಿತ ಊಟದ ಹೊರಗಿನದ್ದು ಶೇ. 10 ಮೀರಬಾರದು ಎಂಬ ಮಿತಿ ಇಟ್ಟರೆ 130ಕ್ಕೆ ನಿಲ್ಲಬೇಕಿತ್ತು. ದಪ್ಪ ಆಗಲು ಅನ್ನ ಬೇಕಿಲ್ಲ. ಕರಾವಳಿಯ ಮನೆಯಲ್ಲಿ ತೆಂಗು ಸಾಕು.

ಒಂದು ತಪ್ಪಿನ ಮೇಲೆ ಇನ್ನೊಂದು

ತೂಕಕ್ಕಿಂತ ಮುಖ್ಯ ಪ್ರಶ್ನೆ: ಇವೆಲ್ಲ ಬಟ್ಟಲಿಗೆ ಯಾವ ಕ್ರಮದಲ್ಲಿ ಬಂದವು? ಅದನ್ನು ಕೇಳಿದಾಗ ಪ್ರಕರಣ ಬಿಚ್ಚಿಕೊಂಡಿತು.

ಮೊದಲ ತಿಂಗಳು ಬರೀ ಬೆನ್ನು, ಕುತ್ತಿಗೆ, ಲಿವರ್, ಮೀನು. ಕೋಳಿ ಅಂಗಡಿಯಲ್ಲಿ ಅಗ್ಗಕ್ಕೆ ಸಿಗುವುದು ಆ ಭಾಗಗಳೇ. ಆದರೆ ಕೋಳಿಯ ಬೆನ್ನಿನಲ್ಲಿ ಶೇ. 44ರಷ್ಟು ಎಲುಬು, ಚರ್ಮ ಸಹಿತ ಕುತ್ತಿಗೆಯಲ್ಲಿ ಶೇ. 36ರಷ್ಟು. 450 ಗ್ರಾಂನಲ್ಲಿ ಎಲುಬೇ ಸುಮಾರು 180 ಗ್ರಾಂ. ಮೂಲ ಊಟದ ಕಾಲು ಭಾಗಕ್ಕಿಂತ ಹೆಚ್ಚು, ಇರಬೇಕಾದದ್ದು ಶೇ. 10ರ ಸುತ್ತ. ಹಾಗಾಗಿ ಮಲ ಬಿಳಿ, ಗಟ್ಟಿ, ತಿಣುಕುವುದು.

ಗಟ್ಟಿಯಾಯಿತೆಂದು ಕೆಂಬುಡೆ (ಸಿಹಿಗುಂಬಳ) ಹಾಕಿದರು. ಸಾಲಲಿಲ್ಲ, ಎಣ್ಣೆ ಬಂತು. ಆಮೇಲೆ ಪಪ್ಪಾಯಿ, ಮೊಸರು. ಮಾಂಸ ಉಷ್ಣ, ಬಸಳೆ ತಂಪು ಎಂದು ಬಸಳೆ ಸೇರಿತು. ಈಗ ತೆಳ್ಳಗಾಯಿತು. ಕಟ್ಟಲಿ ಎಂದು ಬಾಳೆಹಣ್ಣು. ಹಸಿ ಊಟದವರಿಗೆ ಕ್ಯಾಲ್ಸಿಯಂ ಮುಖ್ಯ ಎಂದು ಯಾರೋ ಹೇಳಿದ್ದಕ್ಕೆ ಮೊಟ್ಟೆಚಿಪ್ಪು. ಕೂದಲು ಮಂಕಾದದ್ದಕ್ಕೆ ಅಗಸೆ, ತುರಿ. ಉಣ್ಣಿಗೆ ಬೆಳ್ಳುಳ್ಳಿ. ಕೆಂಬುಡೆ ಮಾತ್ರ ಈ ನಡುವೆ ಎಲ್ಲೋ ಬಿಟ್ಟುಹೋಗಿತ್ತು. ಇಡೀ ಪಟ್ಟಿಯಲ್ಲಿ ಬೇಕಾಗಿದ್ದದ್ದು ಅದೊಂದೇ ಎಂದರೂ ತಪ್ಪಿಲ್ಲ.

ಮೊಟ್ಟೆಚಿಪ್ಪಿನ ಸಂಗತಿ ಸ್ವಲ್ಪ ಬಿಡಿಸಿ ಹೇಳಬೇಕು, ಏಕೆಂದರೆ ಇದು ಬಹಳ ಮನೆಗಳಲ್ಲಿ ಕಾಣುವ ತಪ್ಪು. ನುಣ್ಣಗೆ ಅರೆದ ಚಿಪ್ಪು ಒಂದು ಟೀ ಚಮಚದಲ್ಲಿ 5ರಿಂದ 6 ಗ್ರಾಂ, ಅದರಲ್ಲಿ ಕ್ಯಾಲ್ಸಿಯಂ ಸುಮಾರು 2 ಗ್ರಾಂ. ಈ ಗಾತ್ರದ ನಾಯಿಗೆ ದಿನಕ್ಕೆ ಬೇಕಾದದ್ದು ಒಂದೂವರೆ ಗ್ರಾಂ ಅಷ್ಟೆ. ಚಿಪ್ಪಿನ ಹುಡಿ ಇರುವುದು ಎಲುಬೇ ಇಲ್ಲದ ಮಾಂಸ ಹಾಕುವವರಿಗಾಗಿ. ಬರೀ ಮಾಂಸದಲ್ಲಿ ರಂಜಕ ತುಂಬ, ಕ್ಯಾಲ್ಸಿಯಂ ತೀರಾ ಕಡಿಮೆ, ಆ ಅಂತರ ತುಂಬಲು ಅರ್ಧ ಕೆಜಿ ಮಾಂಸಕ್ಕೆ ಅರ್ಧ ಟೀ ಚಮಚ ಹಾಕುತ್ತಾರೆ. ಎಲುಬಿನ ಮೇಲೆ ಚಿಪ್ಪು ಹಾಕಿದರೆ ಹೆಚ್ಚುವರಿ ಕ್ಯಾಲ್ಸಿಯಂ ಕರುಳಿನಲ್ಲಿ ಸತು ಹೀರಿಕೆಯಾಗದಂತೆ ತಡೆಯುತ್ತದೆ. ಸತು ಕಡಿಮೆಯಾದರೆ ಮೊದಲು ಹೇಳುವುದು ಚರ್ಮ. ಬೊಗ್ಗುವಿನ ಹೊಟ್ಟು, ಮಂಕು ಕೂದಲಿಗೆ ಇದೇ ಹೆಚ್ಚು ಸಂಭವದ ಕಾರಣ. ಅಗಸೆಬೀಜದಿಂದ ಅದು ಸರಿಯಾಗುವಂಥದ್ದಲ್ಲ.

ಬೆಳ್ಳುಳ್ಳಿ ಬಗ್ಗೆ ಎರಡೇ ಮಾತು. ಈರುಳ್ಳಿ ಕುಟುಂಬದ ಸಸ್ಯಗಳ ಗಂಧಕ ಸಂಯುಕ್ತಗಳು ನಾಯಿಯ ಕೆಂಪು ರಕ್ತಕಣಗಳನ್ನು ಕೆಡಿಸುತ್ತವೆ. ಮೂರು ಎಸಳಿಗೆ 30 ಕೆಜಿ ನಾಯಿ ಮಲಗಿಬಿಡುವುದಿಲ್ಲ, ಆದರೆ ದಿನಾ ಕೊಡಲು ಯಾವ ಕಾರಣವೂ ಇಲ್ಲ, ಉಣ್ಣಿಯೂ ಅದಕ್ಕೆ ಹೆದರುವುದಿಲ್ಲ. ಉಣ್ಣಿಜ್ವರದಲ್ಲೂ ರಕ್ತ ಇಳಿಯುತ್ತದೆ. ಎರಡೂ ಒಟ್ಟಿಗೆ ನಡೆದರೆ ವೈದ್ಯರಿಗೆ ಕಾರಣ ಬಿಡಿಸುವುದು ಕಷ್ಟ.

ಲಿವರ್ 90 ಗ್ರಾಂ ಎಂದ ಕೂಡಲೇ ಎ ವಿಟಮಿನ್ ವಿಷ ಎಂದು ಗಾಬರಿ ಬೀಳುವವರಿದ್ದಾರೆ. ಕೋಳಿ ಲಿವರ್‌ನ ಈ ಪ್ರಮಾಣ ಅಷ್ಟಕ್ಕೆ ಹೋಗುವುದಿಲ್ಲ. ಆದರೆ ಭೇದಿಗೆ ಅದರ ಪಾಲು ಖಂಡಿತ ಇತ್ತು.

ಎಲ್ಲ ತೆಗೆದು, ಮೂಲ ಸರಿಮಾಡಿ

ಮೊದಲ ಹತ್ತು ದಿನ ಒಂದೇ ಒಂದು ಸೇರ್ಪಡೆಯೂ ಬೇಡ ಎಂದು ನಿಶ್ಚಯವಾಯಿತು. ಲೆಕ್ಕ ಹಾಕುವುದು ಈಗಿನ ತೂಕಕ್ಕಲ್ಲ, ಇರಬೇಕಾದ ತೂಕಕ್ಕೆ: 27 ಕೆಜಿಯ ಶೇ. 2.5, ದಿನಕ್ಕೆ 675 ಗ್ರಾಂ. ಅದರಲ್ಲಿ ಮಾಂಸ ಶೇ. 70, ಎಲುಬು 10, ಲಿವರ್ 5, ಬೇರೆ ಅಂಗಾಂಗ 5, ಸಸ್ಯಭಾಗ 10. ಗ್ರಾಂ ಲೆಕ್ಕದಲ್ಲಿ ಮಾಂಸ 470, ಎಲುಬು 68, ಲಿವರ್ 34, ಕಿಡ್ನಿ 34, ತರಕಾರಿ ಹಣ್ಣು ಸೇರಿ 68. ಎಲುಬನ್ನು ಬಿಡಿಯಾಗಿ ತೂಗಲಾಗದು. 155 ಗ್ರಾಂ ಬೆನ್ನಿನ ಭಾಗ ಹಾಕಿದರೆ 68 ಗ್ರಾಂ ಎಲುಬು ತಾನಾಗಿ ಬರುತ್ತದೆ, ಉಳಿದ 87 ಗ್ರಾಂ ಮಾಂಸದ ಲೆಕ್ಕಕ್ಕೆ. ಮಿಕ್ಕ 380 ಗ್ರಾಂ ಎಲುಬಿಲ್ಲದ ಮಾಂಸ.

ಒಂದೇಟಿಗೆ ಎಲುಬು ಇಳಿಸಿದರೆ ಅದಕ್ಕೇ ಹೊಂದಿಕೊಂಡ ಹೊಟ್ಟೆ ತೆಳ್ಳಗೆ ಹೋಗುತ್ತದೆ. ಅದಕ್ಕೆ ಮೊದಲ ವಾರ ಬೆನ್ನಿನ ಭಾಗ 230 ಗ್ರಾಂ, ಆಮೇಲೆ 155. ಲಿವರ್ 15 ಗ್ರಾಂನಿಂದ ಶುರು, ಎರಡು ವಾರದಲ್ಲಿ 34. ಕೋಳಿ ಲಿವರ್‌ನಲ್ಲಿ ತಾಮ್ರ ಕಡಿಮೆ, ಕುರಿಯದ್ದರಲ್ಲಿ ಬಹಳ ಹೆಚ್ಚು; ವಾರದಲ್ಲಿ ಎರಡು ದಿನ ಅದು. ಕೋಳಿಯಲ್ಲಿ ಸತುವೂ ಕಮ್ಮಿ, ಹಾಗಾಗಿ ವಾರಕ್ಕೆ ಮೂರು ದಿನ 150 ಗ್ರಾಂ ಆಡಿನ ಮಾಂಸ ಅಥವಾ ಹಾರ್ಟ್. ದುಬಾರಿ ಎಂದು ಮನೆಯವರು ರಾಗ ಎಳೆದರು. ಬಾಳೆ, ಮೊಸರು, ಅಗಸೆ, ಎಣ್ಣೆಗೆ ಹೋಗುತ್ತಿದ್ದ ದುಡ್ಡಿನಲ್ಲಿ ಸ್ವಲ್ಪ ಇಲ್ಲಿಗೆ ತಿರುಗಿತು.

ಬೂತಾಯಿಯನ್ನು ದಿನಾ ಹಸಿಯಾಗಿ ಕೊಡುವುದು ನಿಂತಿತು. ಬೂತಾಯಿ ವರ್ಗದ ಹಸಿ ಮೀನುಗಳಲ್ಲಿ ಥಯಾಮಿನೇಸ್ ಎಂಬ ಕಿಣ್ವ ಬಿ1 ವಿಟಮಿನ್ನನ್ನು ಒಡೆಯುತ್ತದೆ. ತಿಂಗಳುಗಟ್ಟಲೆ ನಡೆದರೆ ನರಗಳಿಗೆ ಕುತ್ತು. ಬೇಯಿಸಿದರೆ ಕಿಣ್ವ ಸಾಯುತ್ತದೆ. ವಾರಕ್ಕೆ ಎರಡು ದಿನ, ಮಾಂಸದಲ್ಲಿ 100 ಗ್ರಾಂ ಕಡಿಮೆ ಮಾಡಿ ಅಷ್ಟು ಬೂತಾಯಿ. ತಲೆ, ಹೊಟ್ಟೆ ತೆಗೆದು, ಉಪ್ಪು ಖಾರ ಏನೂ ಹಾಕದೆ, ಮುಳುಗುವಷ್ಟು ನೀರಿನಲ್ಲಿ ಕುಕ್ಕರ್‌ನಲ್ಲಿ 25 ನಿಮಿಷ ಸಣ್ಣ ಉರಿ. ಮುಳ್ಳು ಎರಡು ಬೆರಳಿನ ನಡುವೆ ಹುಡಿಯಾಗಬೇಕು; ಆಗದಿದ್ದರೆ ಇನ್ನೂ ಬೇಯಲಿ. (ಇದು ಬೂತಾಯಿಯ ಮುಳ್ಳಿಗೆ ಮಾತ್ರ. ಕೋಳಿ ಎಲುಬು ಬೆಂದರೆ ಚೂಪಾಗಿ ಸೀಳುತ್ತದೆ, ಅದನ್ನು ಯಾವತ್ತೂ ಬೇಯಿಸಿ ಕೊಡಬಾರದು.) ದಕ್ಕೆಯಿಂದ ಐಸ್ ಇಲ್ಲದೆ ಮಧ್ಯಾಹ್ನ ಬಂದ ಬೂತಾಯಿ, ಬಂಗುಡೆ ನಾಯಿಗೂ ಬೇಡ. ಈ ಮೀನುಗಳು ಬಿಸಿಗೆ ಕೆಟ್ಟಾಗ ಹಿಸ್ಟಮೀನ್ ಏರುತ್ತದೆ, ಕುದಿಸಿದರೂ ಅದು ಹೋಗುವುದಿಲ್ಲ.

ಹತ್ತನೇ ದಿನಕ್ಕೆ ಮಲ ದಿನಕ್ಕೆ ಎರಡು ಸಲ, ಕಂದು ಬಣ್ಣ, ಕಾಗದದಲ್ಲಿ ಎತ್ತಿದರೆ ನೆಲದಲ್ಲಿ ಗುರುತು ಉಳಿಯದಷ್ಟು ಗಟ್ಟಿ. ತರಕಾರಿ ಸೇರಿಸಲು ಇದೇ ಹೊತ್ತು.

ತರಕಾರಿ: ಎಷ್ಟು, ಹೇಗೆ

ಕ್ಯಾರೆಟ್ ತುಂಡು ಹಾಗೆಯೇ ಹೊರಗೆ ಬಂದದ್ದೇಕೆ? ನಾಯಿ ಅಗಿದು ಅರೆಯುವುದಿಲ್ಲ, ಕಚ್ಚಿ ನುಂಗುತ್ತದೆ. ಅದರ ಎಂಜಲಿನಲ್ಲಿ ಪಿಷ್ಟ ಒಡೆಯುವ ಕಿಣ್ವ ಇಲ್ಲವೆನ್ನುವಷ್ಟು ಕಡಿಮೆ. ಸಸ್ಯಕೋಶದ ಗೋಡೆ ಸೆಲ್ಯುಲೋಸ್. ಅದನ್ನು ಒಡೆಯುವ ಕಿಣ್ವ ಯಾವ ನಾಯಿಗೂ ಇಲ್ಲ. ಗೋಡೆಯನ್ನು ನಾವೇ ಒಡೆದು ಕೊಡಬೇಕು, ಬೇಯಿಸಿ ಅಥವಾ ಅರೆದು. ಎರಡೂ ಮಾಡಿದರೆ ಉತ್ತಮ. ಇಲ್ಲದಿದ್ದರೆ 200 ಗ್ರಾಂ ಹಾಕಿದರೂ ನಾಯಿಗೆ ಸಿಗುವುದು ನಾರು ಮತ್ತು ಗ್ಯಾಸ್.

ವಾರಕ್ಕೊಮ್ಮೆ ಮಾಡುವ ಅಳತೆ, ಬೆಂದ ಮೇಲಿನ ತೂಕದಲ್ಲಿ: ಸಿಪ್ಪೆ ಬೀಜ ತೆಗೆದ ಕೆಂಬುಡೆ 220 ಗ್ರಾಂ, ಸೊಪ್ಪು 100, ಮೂರನೆಯ ತರಕಾರಿ 100. ಒಟ್ಟು 420, ದಿನಕ್ಕೆ 60. ಕೆಂಬುಡೆ ಹಬೆಯಲ್ಲಿ ಹದಿನೈದು ನಿಮಿಷ. ಸೊಪ್ಪನ್ನು ತುಂಬ ನೀರು ಕುದಿಯುವಾಗ ಹಾಕಿ ಮೂರು ನಿಮಿಷ, ನೀರು ಚೆಲ್ಲಿ ಹಿಂಡಬೇಕು. ಹರಿವೆ, ಬಸಳೆಯಲ್ಲಿ ನೀರಿನಲ್ಲಿ ಕರಗುವ ಆಕ್ಸಲೇಟ್ ಇದೆ, ಅದು ಆ ನೀರಿನೊಟ್ಟಿಗೆ ಬಹುಪಾಲು ಹೋಗುತ್ತದೆ. ಹಾಗಾಗಿ ಸೊಪ್ಪು ಬೇಯಿಸಿದ ನೀರನ್ನು "ಸತ್ವ" ಎಂದು ಬಟ್ಟಲಿಗೆ ಹೊಯ್ಯುವುದು ತಲೆಕೆಳಗಾದ ಕೆಲಸ. ನುಗ್ಗೆಸೊಪ್ಪು, ಹರಿವೆ ವಾರ ಬಿಟ್ಟು ವಾರ, ಬಸಳೆ ಅಪರೂಪಕ್ಕೆ. ಮೂತ್ರದಲ್ಲಿ ಆಕ್ಸಲೇಟ್ ಹರಳು ಕಂಡ ನಾಯಿಗೆ ಈ ಸೊಪ್ಪುಗಳೇ ಬೇಡ. ಕೆಸುವಿನ ಎಲೆಯ ಸೂಜಿಹರಳು ಬಾಯಿ ಗಂಟಲು ಚುಚ್ಚುತ್ತದೆ. ಪತ್ರೊಡೆಯ ಪಾಲು ನಾಯಿಗಿಲ್ಲ. ಮೂರನೆಯದು ಕ್ಯಾರೆಟ್, ತೊಂಡೆ, ಬೀನ್ಸ್, ಅಲಸಂದೆ, ಮಂಗಳೂರು ಸೌತೆ ಯಾವುದಾದರೂ ಒಂದು, ಮೆತ್ತಗೆ ಬೆಂದದ್ದು. ಗುಳ್ಳವನ್ನು ಹಸಿಯಾಗಿ ಕೊಡಬಾರದು. ಮನುಷ್ಯರಿಗೇ ಇರಲಿ, ಸಾಂಬಾರಿನಲ್ಲಿ ಅದಕ್ಕೆ ಹೆಚ್ಚು ಮರ್ಯಾದೆ.

ಎಲ್ಲ ಸೇರಿಸಿ ಮಿಕ್ಸಿಯಲ್ಲಿ ಚಟ್ನಿಯಷ್ಟು ನುಣ್ಣಗೆ ಅರೆದು ಐಸ್ ಟ್ರೇಗೆ. ಒಂದು ಗುಂಡಿ ಎಷ್ಟು ಗ್ರಾಂ ಹಿಡಿಯುತ್ತದೆಂದು ಮೊದಲು ತೂಗಿ ನೋಡಬೇಕು. ಈ ಮನೆಯ ಟ್ರೇಯಲ್ಲಿ 20, ಹಾಗಾಗಿ ದಿನಕ್ಕೆ ಮೂರು. ಮೊದಲ ನಾಲ್ಕು ದಿನ ಬರೀ ಕೆಂಬುಡೆ 30 ಗ್ರಾಂ, ಮುಂದಿನ ನಾಲ್ಕು ದಿನ 60, ಆಮೇಲೆ ಸೊಪ್ಪು, ಕೊನೆಗೆ ಮೂರನೆಯದು. ಎರಡು ಹೊಸದನ್ನು ಒಟ್ಟಿಗೆ ಸೇರಿಸಿದರೆ ಕೆಟ್ಟಾಗ ಯಾವುದು ಎಂದು ತಿಳಿಯುವುದಿಲ್ಲ. ನುಗ್ಗೆಸೊಪ್ಪಿನ ದಿನ ಬೊಗ್ಗು ಬಟ್ಟಲಿನ ಸುತ್ತ ನೆಕ್ಕಿ ಹಸಿರನ್ನು ಮಾತ್ರ ಅಂಚಿಗೆ ತಳ್ಳಿಟ್ಟ. ಬೂತಾಯಿ ಬೇಯಿಸಿದ ನೀರು ಎರಡು ಚಮಚ ಬೆರೆಸಿದ ಮೇಲೆ ತಕರಾರಿಲ್ಲ.

ಇಡೀ ಅಗಸೆಬೀಜ ಹೇಗೆ ಹೋಗುತ್ತದೋ ಹಾಗೇ ಬರುತ್ತದೆ. ಹುಡಿ ಮಾಡಿದರೆ ಇಲ್ಲಿನ ತೇವಕ್ಕೆ ಬೇಗ ಕನರುತ್ತದೆ, ಸಸ್ಯದ ಒಮೆಗಾ-3ಯನ್ನು ನಾಯಿಯ ಮೈ ಮೀನಿನ ಒಮೆಗಾ-3 ಆಗಿ ಮಾರ್ಪಡಿಸುವುದೂ ತೀರಾ ಕಡಿಮೆ. ಬೂತಾಯಿಯ ಊರಿನಲ್ಲಿ ಅಗಸೆಗೆ ಏನು ಕೆಲಸ? ಅದು ನಿಂತಿತು. ಬದಲಿಗೆ ವಾರಕ್ಕೆ ಎರಡು ಸಲ 40 ಗ್ರಾಂ ಬೇಯಿಸಿದ ಪಚ್ಚಿಲೆ (ಕಡಲ ಚಿಪ್ಪುಜೀವಿಯ ಮಾಂಸ). ಹಸಿ ಊಟದಲ್ಲಿ ಸಾಮಾನ್ಯವಾಗಿ ಕೊರತೆ ಬೀಳುವ ಮ್ಯಾಂಗನೀಸ್ ಇದರಲ್ಲಿದೆ. ಚಿಪ್ಪು ಬಾಯಿ ತೆರೆಯದ್ದನ್ನು ಎಸೆಯಬೇಕು, ಚರಂಡಿ ಸೇರುವ ಹೊಳೆಬಾಯಿಯದ್ದು ತರಲೇಬಾರದು.

ಹಣ್ಣು ದಿನಕ್ಕೆ 8–10 ಗ್ರಾಂ, ಬಹುಮಾನದ ಲೆಕ್ಕದಲ್ಲಿ: ಬೀಜ ತೆಗೆದ ಪಪ್ಪಾಯಿ, ಪೇರಳೆ, ಬಾಳೆಯ ಒಂದು ತುಂಡು. ಹಲಸಿನ ತೊಳೆ ಚೂರು ಪರವಾಗಿಲ್ಲ, ಬೇಳೆ ಮತ್ತು ಮಾವಿನ ಗೊರಟು ಕರುಳಿನಲ್ಲಿ ಸಿಕ್ಕಿಕೊಳ್ಳುತ್ತವೆ. ದ್ರಾಕ್ಷಿ, ಒಣದ್ರಾಕ್ಷಿ ಕಿಡ್ನಿ ಕೆಡಿಸಬಲ್ಲವು. ಪಾಯಸದ ಪಾತ್ರೆ ನೆಕ್ಕಿಸುವವರು ಇದನ್ನು ಮರೆಯುತ್ತಾರೆ. 2021ರಿಂದ ಇದಕ್ಕೆ ಟಾರ್ಟಾರಿಕ್ ಆಮ್ಲವೇ ಕಾರಣವಿರಬೇಕೆಂದು ಪಶುವೈದ್ಯರು ಹೇಳುತ್ತಿದ್ದಾರೆ, ಆ ಆಮ್ಲ ಹುಣಸೆಯಲ್ಲಿ ಧಾರಾಳ. ಆದ್ದರಿಂದ ಸಾರು, ಗಸಿ ಕಲಸಿದ ಉಳಿಕೆಯೂ ಬೇಡ. ದಾರೆಹುಳಿ, ಬಿಂಬುಳಿ ಆಕ್ಸಲೇಟಿನ ಗಣಿ. ಹಿತ್ತಿಲಲ್ಲಿ ಮರವಿದ್ದರೆ ಬಿದ್ದದ್ದನ್ನು ಗುಡಿಸಬೇಕು.

ನಾಲ್ಕನೇ ವಾರದ ತೊಡಕು

ಇಳಿಯುತ್ತಿದ್ದ ತೂಕ ನಿಂತಿತು, ಮಲ ಮತ್ತೆ ಮೆದುವಾಯಿತು. ಬಟ್ಟಲಿನ ಲೆಕ್ಕ ಸರಿ ಇತ್ತು. ಸಿಕ್ಕಿದ್ದು ತುರಿಮಣೆಯ ಬುಡದಲ್ಲಿ. ಬೆಳಿಗ್ಗೆ ಅಜ್ಜಿ ಕಾಯಿ ತುರಿಯುವಾಗ ಬೊಗ್ಗು ಪಕ್ಕದಲ್ಲಿ ಕೂರುತ್ತಾನೆ. "ಒಂದು ಚೂರು ಕಾಯಿಗೆ ಎಂತ ಆಗ್ತದೆ ಮಾರಾಯ್ತಿ, ಅದರ ಮುಖ ನೋಡು" ಎಂದು ಸೊಸೆಗೆ ಉತ್ತರ. ಚೂರುಗಳನ್ನು ಒಟ್ಟು ಮಾಡಿ ತೂಗಿದರೆ 35 ಗ್ರಾಂ, 120 ಕ್ಯಾಲೊರಿಯ ಮೇಲೆ. ಅಜ್ಜಿಯನ್ನು ತಡೆಯುವುದು ನಡೆಯುವ ಮಾತಲ್ಲ. ತುರಿಮಣೆಯ ಹತ್ತಿರ ಒಂದು ಡಬ್ಬಿ ಇಟ್ಟು ಅದರಲ್ಲಿ ಬೇಯಿಸಿದ ಕೆಂಬುಡೆಯ 30 ಗ್ರಾಂ ಸಣ್ಣ ತುಂಡುಗಳು, ಕೊಡುವುದಾದರೆ ಅದರಿಂದ. ಹತ್ತು ಕ್ಯಾಲೊರಿಯೂ ಇಲ್ಲ. ಅಜ್ಜಿಗೆ ಕೊಟ್ಟ ಸಮಾಧಾನ, ಅವನಿಗೆ ಸಿಕ್ಕಿದ ಸಮಾಧಾನ.

ಹತ್ತು ವಾರಕ್ಕೆ ತೂಕ 27.4 ಕೆಜಿ. ವಾರಕ್ಕೆ ಮೈತೂಕದ ಶೇ. 1ರಷ್ಟು ಇಳಿಕೆ, ಇದಕ್ಕಿಂತ ಅವಸರ ಬೇಡ. ಹೊಟ್ಟು ಆರನೇ ವಾರದಿಂದ ಕಡಿಮೆಯಾಯಿತು, ಹೊಸ ಕೂದಲು ಬಂದ ಮೇಲೆ ಹೊಳಪು.

ಅಡುಗೆಮನೆ ಮತ್ತು ಮಳೆಗಾಲ

ಹಸಿ ಮಾಂಸದ ಊಟವನ್ನು ಅಮೆರಿಕದ ಪಶುವೈದ್ಯರ ಸಂಘ 2012ರಿಂದ ವಿರೋಧಿಸುತ್ತ ಬಂದಿದೆ, ಸಾಲ್ಮೊನೆಲ್ಲಾದಂಥ ರೋಗಾಣುಗಳ ಕಾರಣಕ್ಕೆ. ಮಗು, ಅಜ್ಜಿ ಇರುವ ಈ ಮನೆಯಲ್ಲಿ ಅದು ಪುಸ್ತಕದ ಮಾತಲ್ಲ. ಫ್ರೀಜರ್ ರೋಗಾಣುವನ್ನು ಕೊಲ್ಲುವುದಿಲ್ಲ, ಮಲಗಿಸುತ್ತದೆ ಅಷ್ಟೆ. ಮಾಂಸ ಬೇಯಿಸಿ, ಎಲುಬಿನ ಬದಲು ಚಿಪ್ಪಿನ ಹುಡಿ ಹಾಕುವ ದಾರಿಯನ್ನೂ ಅವರ ಮುಂದೆ ಇಡಲಾಗಿತ್ತು. ನಮ್ಮ ಮಟ್ಟಿಗೆ ಮಗು ಇರುವ ಮನೆಗೆ ಅದೇ ಒಳ್ಳೆಯದು. ಅವರು ಹಸಿಯನ್ನೇ ಆರಿಸಿಕೊಂಡರು. ಹಾಗಾದರೆ ಪ್ರತ್ಯೇಕ ಮಣೆ, ಚೂರಿ. ಊಟ ಮನೆಯ ಹಿಂಬದಿಯ ಸಿಮೆಂಟ್ ನೆಲದಲ್ಲಿ. ಇಪ್ಪತ್ತು ನಿಮಿಷ ಬಿಟ್ಟು ಉಳಿದದ್ದನ್ನು ಎಸೆಯುವುದು. ಸ್ಟೀಲ್ ಬಟ್ಟಲು ಸೋಪು, ಬಿಸಿನೀರಿನಲ್ಲಿ ತಕ್ಷಣ ತೊಳೆಯುವುದು. ಊಟವಾದ ಕೂಡಲೇ ನಾಯಿ ಮಗುವಿನ ಮುಖ ನೆಕ್ಕಲು ಬಿಡದಿರುವುದು. ಮಾಂಸ ಕರಗಿಸುವುದು ಫ್ರಿಜ್‌ನ ಕೆಳಗಿನ ಅರೆಯಲ್ಲಿ, ಕಟ್ಟೆಯ ಮೇಲೆ ಅಲ್ಲ. ಹಂದಿಮಾಂಸ ಹಸಿಯಾಗಿ ಬೇಡ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ, ಬೂತಾಯಿ ಸಿಗುವುದು ಕಷ್ಟ, ಸಿಕ್ಕರೂ ಬೆಲೆ ಕೇಳುವಂತಿಲ್ಲ. ಮೇ ಕೊನೆಗೆ ಕುಕ್ಕರ್‌ನಲ್ಲಿ ಬೇಯಿಸಿ 100 ಗ್ರಾಂ ಪೊಟ್ಟಣ ಮಾಡಿ ಫ್ರೀಜ್ ಮಾಡಿದರೆ ಎರಡು ತಿಂಗಳು ನಡೆಯುತ್ತದೆ. ಅದಕ್ಕಿಂತ ಹೆಚ್ಚಾದರೆ ಕೊಬ್ಬು ಕನರುತ್ತದೆ. ಒಣಮೀನು ಬದಲಿಯಾಗದು, ಅದರ ಉಪ್ಪು ನಾಯಿಗೆ ಹೆಚ್ಚು. ಗಾಳಿಮಳೆಗೆ ಕರೆಂಟ್ ಹೋದಾಗ ಫ್ರೀಜರ್ ಬಾಗಿಲು ತೆರೆಯಬಾರದು. ಬಂದ ಮೇಲೆ ಮಂಜುಹರಳು ಉಳಿದ ಪೊಟ್ಟಣವನ್ನು ಮತ್ತೆ ಗಟ್ಟಿಮಾಡಬಹುದು. ಪೂರ್ತಿ ಕರಗಿ ಬೆಚ್ಚಗಾದದ್ದನ್ನು ಮೂಸಿ ನೋಡಿ ತೀರ್ಮಾನಿಸುವುದು ಬೇಡ, ಎಸೆಯುವುದೇ.

ಈ ಅಳತೆ ಬೊಗ್ಗುವಿನದ್ದು. ಇ ವಿಟಮಿನ್, ಸತು ಈಗಲೂ ಅಂಚಿನಲ್ಲಿವೆ, ಪಶುವೈದ್ಯರು ಪ್ರಮಾಣ ಬರೆದುಕೊಟ್ಟ ಪೂರಕ ನಡೆಯುತ್ತಿದೆ. ಆರು ತಿಂಗಳಿಗೊಮ್ಮೆ ರಕ್ತ, ಮೂತ್ರ ಪರೀಕ್ಷೆ. ಬೆಳೆಯುವ ಮರಿಗೆ, ಕಿಡ್ನಿ ಅಥವಾ ಮೇದೋಜೀರಕದ ತೊಂದರೆ ಇರುವ ನಾಯಿಗೆ ಇದನ್ನು ಹಾಗೆಯೇ ಎತ್ತಿಕೊಳ್ಳಬಾರದು. ಮರಿಗಳಲ್ಲಿ, ಅದರಲ್ಲೂ ದೊಡ್ಡ ತಳಿಯವುಗಳಲ್ಲಿ, ಕ್ಯಾಲ್ಸಿಯಂ ಹೆಚ್ಚಾದರೂ ಕಡಿಮೆಯಾದರೂ ಎಲುಬು ಸೊಟ್ಟಗಾಗುತ್ತದೆ.